ಗುಡುಗಿದರೆ ಸೆಟ್ಟಿಂಗ್ ಬದಲಿಸಿ

ಮೊನ್ನೆ ಒಂದು ಚಾರ್ಜರ್ ತರಲು ನಮ್ಮ ಹಳೆಯ ಅಂಗಡಿಗೆ ಹೋಗಿದ್ದೆ. ನಮ್ಮ ಅಂಗಡಿ ಎಂದರೆ ಪುತ್ತೂರು ಪೇಟೆಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ, ಕಂಪ್ಯೂಟರ್ ಮಾರುವ ಮತ್ತು ರಿಪೇರಿ ಮಾಡುವ ಅಂಗಡಿ. ನನ್ನ ದುಡಿಮೆಯ ವರ್ಷಗಳೆಲ್ಲ ಅಲ್ಲೇ ಕಳೆದವು. ನಾನು ನಿವೃತ್ತಳಾದ ಮೇಲೆ ಇಬ್ಬರು ಹುಡುಗಿಯರು ಹೊಸದಾಗಿ ಸೇರಿದ್ದಾರೆ. ಅವರಲ್ಲಿ ಒಬ್ಬಳು ಕೇಳಿದಳು: “ಟೀಚರ್, ನೀವು ಇಮೇಲ್ ಸೆಟ್ಟಿಂಗ್ ಬದಲಿಸ್ಲಿಕ್ಕೆ ಸಂಪಾಜೆವರೆಗೆ ಬಸ್ಸಲ್ಲಿ ಹೋಗ್ತಿದ್ರಂತೆ, ಹೌದಾ? ಅದಕ್ಕೆಲ್ಲ ಎಂತಕ್ಕೆ ಹೋಗುದು? ಫೋನೇ ಮಾಡಿಕೊಳ್ತದಲ್ಲ?”

ಇಬ್ಬರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತ್ರ ಸ್ವಲ್ಪ ಸಿಟ್ಟು ಬಂತು. ಆ ಸಿಟ್ಟು ಆರುವುದರೊಳಗೆ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಟೀಚರ್ ಅಲ್ಲ. ಒಂದು ದಿನವೂ ಯಾರಿಗೂ ಪಾಠ ಹೇಳಿದವಳಲ್ಲ. ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿ, ಕೊಡೆ ಹಿಡಿದು ಬಸ್ಸಿನಿಂದ ಇಳಿಯುವ ಹೆಂಗಸು ಟೀಚರ್ ಅಲ್ಲದೆ ಇನ್ನೇನಾಗಿರಲು ಸಾಧ್ಯ ಎಂದು ಸುಳ್ಯದಿಂದ ಸುಬ್ರಹ್ಮಣ್ಯದವರೆಗಿನ ಜನ ತೀರ್ಮಾನಿಸಿದ್ದರು. ಚೀಲ ತೆರೆದು ಸ್ಕ್ರೂಡ್ರೈವರ್, ಸಿ.ಡಿ., ಫೋನ್ ವಯರಿನ ಸುರುಳಿ ತೋರಿಸಿದರೂ ಪ್ರಯೋಜನವಾಗಲಿಲ್ಲ. “ಹಾಗಾದ್ರೆ ಕಂಪ್ಯೂಟರ್ ಟೀಚರ್” ಎಂದರು. ಕೊನೆಗೆ ನಮ್ಮ ಮಾಲೀಕರಾದ ಕೇಶವ ಭಟ್ಟರೂ ಹಾಗೆಯೇ ಕರೆಯತೊಡಗಿದರು. ನನಗೆ ವಿಜಯಾ ಎಂಬ ಹೆಸರಿರುವುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳು ಬೇಕಾದಷ್ಟಿವೆ. ಹೆಚ್ಚಿನವನ್ನು ನೆನೆದರೆ ಈಗ ನಗು ಬರುತ್ತದೆ. ಒಂದನ್ನು ನೆನೆದರೆ ಮಾತ್ರ ಈಗಲೂ ಎದೆ ಧಸಕ್ಕೆನ್ನುತ್ತದೆ. ಕಡಬದ ಲೀಲಕ್ಕನ ಮಗಳ ಮದುವೆಗೆ ಲೀಲಕ್ಕನ ಒಬ್ಬನೇ ತಮ್ಮ ಬರುತ್ತಾನೋ ಇಲ್ಲವೋ ಎಂಬ ಪ್ರಶ್ನೆ ನಾನು ಹಾಕಿದ ಒಂದು ಟಿಕ್ಕಿನಿಂದಾಗಿ ನಡುನೀರಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದನ್ನು ಹೇಳಲಿಕ್ಕಾಗಿಯೇ ಇಷ್ಟು ಪೀಠಿಕೆ. ಆದರೆ ಹುಡುಗಿಯರೇ, ಅದು ನಿಮಗೆ ಅರ್ಥವಾಗಬೇಕಾದರೆ ನಾವು ಮಾಡುತ್ತಿದ್ದುದು ಏನು ಎಂದು ಮೊದಲು ತಿಳಿಯಬೇಕು.

ಆಗ ಇಮೇಲ್ ಎಂದರೆ ಕಂಪ್ಯೂಟರಿನೊಳಗೆ ಕೂರಿಸಿದ ಒಂದು ಪ್ರೋಗ್ರಾಂ. ಇಂಟರ್‌ನೆಟ್ ಕೊಡುವ ಕಂಪನಿಯೇ ಇಮೇಲ್ ವಿಳಾಸವನ್ನೂ ಕೊಡುತ್ತಿತ್ತು. ಬರುವ ಪತ್ರಗಳಿಗೆ ತಕರಾರಿರಲಿಲ್ಲ. ಯಾವ ಕಂಪನಿಯ ಸಂಪರ್ಕದಲ್ಲಿ ಕುಳಿತರೂ ಗುಪ್ತಪದ ಕೊಟ್ಟರೆ ಬಂದು ಬೀಳುತ್ತಿದ್ದವು. ತಕರಾರೆಲ್ಲ ಹೋಗುವ ಪತ್ರಗಳದ್ದು. ಒಂದು ಕಂಪನಿಯ ಸಂಪರ್ಕದಲ್ಲಿ ಕುಳಿತು ಇನ್ನೊಂದು ಕಂಪನಿಯ ಸರ್ವರಿಗೆ ಪತ್ರ ಒಪ್ಪಿಸಿದರೆ ಅದು ಮುಟ್ಟುತ್ತಲೇ ಇರಲಿಲ್ಲ. ಪತ್ರ ಔಟ್‌ಬಾಕ್ಸಿನಲ್ಲಿ, ಅಂದರೆ ಹೊರಡಲು ಕಾದಿರುವ ಪತ್ರಗಳ ಪೆಟ್ಟಿಗೆಯಲ್ಲಿ, ಹಾಗೆಯೇ ಬಿದ್ದಿರುತ್ತಿತ್ತು. ಸಂಪರ್ಕ ಬದಲಾದಾಗಲೆಲ್ಲ ಹೋಗುವ ಪತ್ರದ ಸೆಟ್ಟಿಂಗನ್ನೂ ಬದಲಿಸಬೇಕು. ಇಷ್ಟೇ ವಿಷಯ. ಈ ಇಷ್ಟನ್ನು ಜನರಿಗೆ ತಿಳಿಸಲು ನನ್ನ ಅರ್ಧ ಆಯುಷ್ಯ ಹೋಯಿತು.

ಭಟ್ಟರು ಇದನ್ನು ವಿವರಿಸುತ್ತಿದ್ದ ರೀತಿಯೇ ಬೇರೆ. “ನೋಡಿ, ಸರ್ಕಾರಿ ಬಸ್ಸಿನ ಪಾಸ್ ತೋರಿಸಿ ಪ್ರೈವೇಟ್ ಬಸ್ಸಲ್ಲಿ ಕೂತ್ಕೊಂಡ್ರೆ ಕಂಡಕ್ಟರ್ ಬಿಡ್ತಾನಾ? ಇಳಿಸ್ತಾನೆ. ಇದೂ ಹಾಗೇ” ಎನ್ನುತ್ತಿದ್ದರು. ಗಿರಾಕಿಗಳು ತಲೆಯಾಡಿಸುತ್ತಿದ್ದರು. ಪುತ್ತೂರಿನ ಒಬ್ಬ ಹಿರಿಯ ಡಾಕ್ಟರು ಮಾತ್ರ ತಲೆಯಾಡಿಸಲಿಲ್ಲ. “ಭಟ್ರೇ, ಹಾಗಾದ್ರೆ ಬರುವ ಪತ್ರಗಳಿಗೆ ಪಾಸ್ ಬೇಡವಾ? ಅವು ಫ್ರೀಯಾ?” ಎಂದು ಕೇಳಿದರು. ಭಟ್ಟರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. ಅಂದಿನಿಂದ ಆ ಡಾಕ್ಟರ ಮನೆಗೆ ಭಟ್ಟರು ನನ್ನನ್ನೊಬ್ಬಳನ್ನೇ ಕಳಿಸುತ್ತಿದ್ದರು.

ಮೊದಮೊದಲು ನಾನು ಸರ್ವರುಗಳ ವಿಳಾಸವನ್ನು ಕಾಗದದಲ್ಲಿ ಬರೆದು ಮಾನಿಟರಿನ ಬದಿಗೆ ಅಂಟಿಸಿ ಬರುತ್ತಿದ್ದೆ. ಒಂದು ಚುಕ್ಕಿ ಬಿಟ್ಟರೂ ಕೆಲಸ ಕೆಡುವಂಥ ಉದ್ದದ ವಿಳಾಸಗಳು. ಜನ ಚುಕ್ಕಿ ಬಿಡುತ್ತಿದ್ದರು, ನಾನು ಬಸ್ ಹಿಡಿಯುತ್ತಿದ್ದೆ. ಆಮೇಲೆ ಬುದ್ಧಿ ಬಂತು. ಪ್ರೋಗ್ರಾಮಿನಲ್ಲಿ ಒಂದೇ ವಿಳಾಸಕ್ಕೆ ಎರಡು ಸೆಟ್ಟಿಂಗ್ ಮಾಡಿ, ಎರಡಕ್ಕೂ ಹೆಸರಿಟ್ಟು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಹೇಳಿಬಿಟ್ಟರೆ ಆಯಿತಲ್ಲ? ಹಾಗೆ ಮಾಡಿದೆ. ಆದರೆ ಹೆಸರಿಡುವುದರಲ್ಲಿ ಎಡವಿದೆ.

ಸುಳ್ಯದಲ್ಲಿ ಒಬ್ಬ ವಕೀಲರಿದ್ದರು. ಅವರ ಸುಳ್ಯದ ಮನೆಯಲ್ಲಿ ಒಂದು ಕಂಪನಿಯ ಸಂಪರ್ಕ, ಪುತ್ತೂರಿನ ಕಚೇರಿಯಲ್ಲಿ ಇನ್ನೊಂದು. ಲ್ಯಾಪ್‌ಟಾಪ್ ಒಂದೇ. ನಾನು ಜಾಣತನದಿಂದ ಒಂದು ಸೆಟ್ಟಿಂಗಿಗೆ ‘ಸುಳ್ಯ’ ಎಂದೂ ಇನ್ನೊಂದಕ್ಕೆ ‘ಪುತ್ತೂರು’ ಎಂದೂ ಹೆಸರಿಟ್ಟು ಬಂದೆ. ಎರಡು ವಾರ ಎಲ್ಲ ಸರಿಯಾಗಿತ್ತು. ಒಂದು ದಿನ ಫೋನ್ ಬಂತು.

“ಟೀಚರ್, ನಾನು ಈಗ ಸುಳ್ಯದಲ್ಲಿ ಇದ್ದೇನಾ, ಪುತ್ತೂರಲ್ಲಿ ಇದ್ದೇನಾ?”

ನನಗೆ ಗಾಬರಿಯಾಯಿತು. “ಸರ್, ಹುಷಾರಿದ್ದೀರಿ ಅಲ್ವಾ? ಮನೆಯವರು ಯಾರಾದ್ರೂ ಹತ್ತಿರ ಇದ್ದಾರಾ?” ಎಂದೆ.

“ಹುಷಾರಿಲ್ಲದೆ ಎಂತ? ನಾನು ಸುಬ್ರಹ್ಮಣ್ಯದಲ್ಲಿ ಲಾಡ್ಜಲ್ಲಿ ಇದ್ದೇನೆ ಮಾರಾಯ್ತಿ. ಇಲ್ಲಿಯ ನೆಟ್ಟಿಗೆ ಯಾವ ಊರು ಒತ್ತುದು ಅಂತ ಹೇಳಿ.”

ಲಾಡ್ಜಿನ ಮ್ಯಾನೇಜರನ್ನು ಕರೆಸಿ, ಅಲ್ಲಿ ಯಾವ ಕಂಪನಿಯ ಲೈನ್ ಎಂದು ಕೇಳಿ, “ಸರ್, ನೀವೀಗ ಪುತ್ತೂರಲ್ಲಿ ಇದ್ದೀರಿ” ಎಂದೆ. ಕೋರ್ಟಿನಲ್ಲಿ ಎದುರಾಳಿಗಳನ್ನು ನಡುಗಿಸುತ್ತಿದ್ದ ಮನುಷ್ಯ “ಆಯ್ತು” ಎಂದು ವಿಧೇಯವಾಗಿ ಒತ್ತಿದರು. ಪತ್ರ ಹೋಯಿತು. ಅಂದಿನಿಂದ ನಾನು ಊರಿನ ಹೆಸರಿಡುವುದನ್ನು ಬಿಟ್ಟೆ. ಗೋಡೆಯಿಂದ ಬರುವ ಫೋನ್ ಲೈನಿನ ಸೆಟ್ಟಿಂಗಿಗೆ ‘ವಯರ್’ ಎಂದು ಹೆಸರು. ಪೆನ್‌ಡ್ರೈವಿನ ಹಾಗೆ ಕಂಪ್ಯೂಟರಿಗೆ ಚುಚ್ಚುವ, ಸಿಮ್ ಹಾಕಿದ ಡಾಂಗಲ್ ಎಂಬುದು ಬಂದ ಮೇಲೆ ಅದರ ಸೆಟ್ಟಿಂಗಿಗೆ ‘ಡಾಂಗಲ್’ ಎಂದು ಹೆಸರು. ಕಣ್ಣಿಗೆ ಕಾಣುವ ವಸ್ತುವಿನ ಹೆಸರಿಟ್ಟರೆ ಜನ ತಪ್ಪುವುದಿಲ್ಲ ಎಂದು ನಂಬಿದ್ದೆ.

ಸಂಪಾಜೆಯ ಒಂದು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಚೆನ್ನಪ್ಪಣ್ಣನ ವ್ಯವಸ್ಥೆ ನನಗೆ ಎಲ್ಲಕ್ಕಿಂತ ಇಷ್ಟ. ಅವರ ಕಚೇರಿಯಲ್ಲಿ ಡಾಂಗಲಿಗೆ ಸಿಗ್ನಲ್ ಇರಲಿಲ್ಲ. ಪತ್ರಗಳನ್ನೆಲ್ಲ ಬರೆದಿಟ್ಟು, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಜೀಪಿನಲ್ಲಿ ಘಾಟಿಯ ಒಂದು ತಿರುವಿಗೆ ತಂದು, ಬಾನೆಟ್ಟಿನ ಮೇಲಿಟ್ಟು ತೆರೆಯುತ್ತಿದ್ದರು. ಮಡಿಕೇರಿ ಕಡೆಯ ಲಾರಿಗಳವರು ಹಾರ್ನ್ ಮಾಡಿ “ಎಂತ ಚೆನ್ನಪ್ಪಣ್ಣ, ಪೋಸ್ಟಾಫೀಸು ತೆರೆಯಿತಾ?” ಎಂದು ಕೇಳಿಕೊಂಡು ಹೋಗುತ್ತಿದ್ದರು. ನಾನು ಹೋದ ದಿನ ಅವರು ಜೀಪಿನಿಂದಲೇ ಒಂದು ಸ್ಟೂಲ್ ಇಳಿಸಿ, “ಟೀಚರ್ ಬಂದರೆ ಕೂರಲಿಕ್ಕೆ ಅಂತ ಇಟ್ಟದ್ದು” ಎಂದರು. ಘಾಟಿಯ ರಸ್ತೆಬದಿಯಲ್ಲಿ ಸ್ಟೂಲಿನ ಮೇಲೆ ಕುಳಿತು ನಾನು ಮಾಡಿದಷ್ಟು ಗತ್ತಿನ ಕೆಲಸವನ್ನು ಯಾರೂ ಹವಾನಿಯಂತ್ರಿತ ಕೋಣೆಯಲ್ಲಿ ಮಾಡಿರಲಿಕ್ಕಿಲ್ಲ.

ಇನ್ನು ಗುಡುಗಿನ ಮಾತು. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇಸಿಗೆಯ ಕೊನೆಗೆ ದಿನಾ ಮಧ್ಯಾಹ್ನದ ಮೇಲೆ ಮೋಡ ಕಪ್ಪಾಗುತ್ತದೆ, ದೂರದಲ್ಲಿ ಒಮ್ಮೆ ಗುಡುಗುತ್ತದೆ. ತಕ್ಷಣ ಮನೆಯಲ್ಲಿರುವ ಯಾರೇ ಆಗಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಟೀವಿಯ ಪ್ಲಗ್, ಫ್ರಿಜ್ಜಿನ ಪ್ಲಗ್, ಫೋನಿನ ವಯರ್ ಎಲ್ಲ ಕಿತ್ತಿಡುವುದು. ಸಿಡಿಲಿಗೆ ಸುಟ್ಟ ಮೋಡೆಮ್‌ಗಳನ್ನು ನಮ್ಮ ಅಂಗಡಿಯಲ್ಲಿ ಗೋಣಿಯಲ್ಲಿ ತುಂಬಿಸಿಡುತ್ತಿದ್ದೆವು. ಹಾಗಾಗಿ ಫೋನ್ ಲೈನ್ ಇದ್ದವರೂ ಗುಡುಗಿನ ತಿಂಗಳುಗಳಿಗೆಂದು ಒಂದು ಡಾಂಗಲ್ ಇಟ್ಟುಕೊಂಡರು. ವಯರ್ ಕೀಳು, ಡಾಂಗಲ್ ಚುಚ್ಚು. ಇವೆರಡನ್ನು ಎಲ್ಲರೂ ಮಾಡುತ್ತಿದ್ದರು. ಮೂರನೆಯದು, ಸೆಟ್ಟಿಂಗ್ ಬದಲಿಸುವುದು, ಯಾರಿಗೂ ನೆನಪಾಗುತ್ತಿರಲಿಲ್ಲ.

ಆಗ ಪರದೆಯ ಮೇಲೆ ಒಂದು ಎಚ್ಚರಿಕೆಯ ಕಿಟಕಿ ಬರುತ್ತಿತ್ತು. ಪತ್ರ ಹೋಗಲಿಲ್ಲ, ಸರ್ವರ್ ಒಪ್ಪಲಿಲ್ಲ ಎಂದು ಇಂಗ್ಲಿಷಿನಲ್ಲಿ ಇಷ್ಟುದ್ದ. ಅದನ್ನು ಕಂಡೊಡನೆ ಜನ ನನಗೆ ಫೋನ್ ಮಾಡುತ್ತಿದ್ದರು. “ಟೀಚರ್, ಎಂತದ್ದೋ ಒಂದು ಬಂದಿದೆ. ಕೆಂಪು ಗುರುತು ಉಂಟು. ಮುಟ್ಟಿದ್ರೆ ಶಾಕ್ ಹೊಡೆಯುದಿಲ್ಲ ಅಲ್ವಾ?” ನಾನು ಊಟಕ್ಕೆ ಕೂರುವ ಹೊತ್ತಿಗೇ ಸರಿಯಾಗಿ ಗುಡುಗುತ್ತಿತ್ತು. ಅನ್ನ ಕಲಸಿದ ಕೈಯಲ್ಲಿ ಎಷ್ಟು ಫೋನ್ ಎತ್ತಿದ್ದೇನೋ! ಒಂದು ವರ್ಷ ತಾಳ್ಮೆ ತಪ್ಪಿತು. ಆ ಕಿಟಕಿಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಇರುತ್ತಿತ್ತು. ಅದಕ್ಕೆ ಟಿಕ್ ಹಾಕಿದರೆ ಎಚ್ಚರಿಕೆ ಮತ್ತೆ ಬರುವುದಿಲ್ಲ. ಹೋದ ಮನೆಯಲ್ಲೆಲ್ಲ ಎರಡು ಸೆಟ್ಟಿಂಗ್ ಮಾಡಿಕೊಟ್ಟು, ಹೊರಡುವ ಮೊದಲು ಆ ಟಿಕ್ ಹಾಕಿ ಬರತೊಡಗಿದೆ. ಫೋನ್ ಕರೆಗಳು ನಿಂತವು. ಜನ ಕಲಿತರು ಎಂದು ಭಟ್ಟರು ಮೆಚ್ಚಿಕೊಂಡರು. ನಾನು ಬಿಸಿ ಅನ್ನ ಉಂಡೆ.

ಕಡಬದ ಲೀಲಕ್ಕನಿಗೂ ಅದೇ ಟಿಕ್ ಹಾಕಿದ್ದೆ.

ಲೀಲಕ್ಕ ಕಡಬ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದರು. ಮಾತು ಕಡಿಮೆ, ಕತ್ತರಿ ಜಾಸ್ತಿ. ಗಂಡ ತೀರಿಹೋದ ಮೇಲೆ ಹೊಲಿದು ಹೊಲಿದೇ ಮಗಳು ರಶ್ಮಿಯನ್ನು ಓದಿಸಿದ್ದರು. ರಶ್ಮಿ ಪುತ್ತೂರಿನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಳು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದಳು. ಲೀಲಕ್ಕನ ತಮ್ಮ ಜಯಂತ ಹಡಗಿನಲ್ಲಿ ಅಡುಗೆಯವನು. ಹಡಗಿಗೆ ಫೋನ್ ಮಾಡುವ ಹಾಗಿಲ್ಲ, ಆದರೆ ಹಡಗಿನ ಇಮೇಲಿಗೆ ಬರೆದರೆ ಅಲ್ಲಿಯ ಅಧಿಕಾರಿ ಮುದ್ರಿಸಿ ಕೊಡುತ್ತಾರೆ. ಅದಕ್ಕಾಗಿಯೇ ಅವನು ಅಕ್ಕನಿಗೆ ಒಂದು ಕಂಪ್ಯೂಟರ್ ತೆಗೆಸಿಕೊಟ್ಟಿದ್ದ. ಹೊಲಿಗೆಯ ಮೆಷಿನಿನ ಪಕ್ಕ, ಬ್ಲೌಸ್ ಬಟ್ಟೆಯ ತುಂಡುಗಳಿಂದ ಲೀಲಕ್ಕನೇ ಹೊಲಿದ ಹೊದಿಕೆಯ ಕೆಳಗೆ, ಅದು ಮದುಮಗಳ ಹಾಗೆ ಕೂತಿರುತ್ತಿತ್ತು.

ಆಮೇಲೆ ಅವರ ತಾಯಿ ತೀರಿಕೊಂಡರು. ಜಯಂತ ನಡುಸಮುದ್ರದಲ್ಲಿದ್ದ. ಸಾವಿಗೂ ಬರಲಿಲ್ಲ, ಬೊಜ್ಜಕ್ಕೂ, ಅಂದರೆ ಉತ್ತರಕ್ರಿಯೆಗೂ, ಬರಲಿಲ್ಲ. ಬಂದರು ಮುಟ್ಟಿ ಅವನು ಫೋನ್ ಮಾಡಿದಾಗ ಲೀಲಕ್ಕ “ನನಗೆ ಇನ್ನು ತಮ್ಮ ಇಲ್ಲ” ಎಂದು ಫೋನ್ ಇಟ್ಟರು. ಎರಡು ವರ್ಷ ಆ ಕಂಪ್ಯೂಟರಿನ ಹೊದಿಕೆ ತೆಗೆಯಲಿಲ್ಲ.

ರಶ್ಮಿಗೆ ಮದುವೆ ನಿಶ್ಚಯವಾಯಿತು. ಯಾರಿಂದಲೋ ತಿಳಿದು ಜಯಂತ ಇಮೇಲ್ ಬರೆದ; ಒಂದು ಭಾನುವಾರ ರಶ್ಮಿ ಹೊದಿಕೆ ತೆಗೆದು ನೋಡಿದಾಗ ಸಿಕ್ಕಿತು. ಫೋನ್ ಮಾಡಲು ಅವನಿಗೆ ಧೈರ್ಯವಿರಲಿಲ್ಲ. ‘ಅಕ್ಕ, ನೀನು ಕರೆದರೆ ರಜೆ ಕೇಳುತ್ತೇನೆ. ಕರೆಯದಿದ್ದರೆ ಹಡಗಿನಿಂದ ಇಳಿಯುವುದಿಲ್ಲ. ಮೇ ತಿಂಗಳ ಮಧ್ಯಕ್ಕೆ ಹಡಗು ಬಂದರಿಗೆ ಬರುತ್ತದೆ. ಅದು ಬಿಟ್ಟರೆ ಇಳಿಯಲು ಆಗುವುದಿಲ್ಲ’ ಎಂದಿದ್ದ. ಮದುವೆ ಮೇ ಕೊನೆಗೆ. ನಮ್ಮ ಕಡೆ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವ. ರಶ್ಮಿಗಿದ್ದದ್ದು ಈ ಒಬ್ಬ ಮಾವ.

ಇದನ್ನೆಲ್ಲ ಲೀಲಕ್ಕ ನನಗೆ ಹೇಳಿದ್ದು ಮೇ ತಿಂಗಳ ಮೊದಲ ವಾರ, ನಾನು ಹೊಲಿಯಲು ಕೊಟ್ಟಿದ್ದ ಬ್ಲೌಸ್ ತರಲು ಹೋದಾಗ. ಮದುವೆಗೆ ನನ್ನನ್ನೂ ಕರೆದಿದ್ದರು.

“ತಮ್ಮ ಬರ್ತಾನಲ್ಲ ಲೀಲಕ್ಕ?” ಎಂದು ಸುಮ್ಮನೆ ಕೇಳಿದೆ.

ಮೆಷಿನ್ ನಿಂತಿತು. “ಮೂರು ಪತ್ರ ಬರೆದೆ ಟೀಚರ್. ಒಂದಕ್ಕೂ ಜವಾಬು ಇಲ್ಲ. ಅವನಿಗೆ ಅಷ್ಟು ಅಹಂಕಾರ ಆದ್ರೆ ನನಗೂ ಬೇಡ.” ಹಾಗೆ ಹೇಳಿ ನನಗೆ ಶರಬತ್ತು ಮಾಡಲು ಒಳಗೆ ಹೋದರು.

ನನ್ನ ಕಣ್ಣು ಗೋಡೆಯತ್ತ ಹೋಯಿತು. ಫೋನಿನ ವಯರ್ ಕಿತ್ತಿಟ್ಟಿತ್ತು, ಸುತ್ತಿ ಮೊಳೆಗೆ ನೇತುಹಾಕಿತ್ತು, ಅದರ ಮೇಲೆ ಜೇಡರ ಬಲೆ ಕಟ್ಟಿತ್ತು. ಏಪ್ರಿಲಿನ ಮೊದಲ ಗುಡುಗಿಗೆ ತೆಗೆದದ್ದು. ಹೇಗೂ ದಿನಾ ಗುಡುಗುತ್ತದೆ, ಮಳೆಗಾಲ ಹಿಡಿದ ಮೇಲೆ ಹಾಕಿದರಾಯಿತು ಎಂದು ಬಿಟ್ಟಿದ್ದರು. ಕಂಪ್ಯೂಟರಿಗೆ ಡಾಂಗಲ್ ಚುಚ್ಚಿತ್ತು. ಹೊದಿಕೆ ಸರಿಸಿ ಪ್ರೋಗ್ರಾಂ ತೆರೆದೆ. ಸೆಟ್ಟಿಂಗ್ ‘ವಯರ್’ನಲ್ಲೇ ಇತ್ತು. ಔಟ್‌ಬಾಕ್ಸಿನ ಮುಂದೆ ದಪ್ಪ ಅಕ್ಷರದಲ್ಲಿ 3.

ಒಂದು ತಿಂಗಳಿನಿಂದ ಬರೆದ ಮೂರು ಪತ್ರಗಳೂ ಅಲ್ಲೇ ಇದ್ದವು. ಹೋಗಿಲ್ಲ ಎಂದು ಹೇಳಬೇಕಾದ ಕಿಟಕಿಯ ಬಾಯಿಗೆ ನಾನು ಬೀಗ ಹಾಕಿದ್ದೆ.

ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಲೀಲಕ್ಕ ಹೊರಗೆ ಬರುವ ಮೊದಲೇ ಸರಿಮಾಡಿಬಿಡೋಣ, ನನ್ನ ತಪ್ಪು ಯಾರಿಗೂ ತಿಳಿಯುವುದು ಬೇಡ ಎಂದು ಅವಸರ ಅವಸರವಾಗಿ ಹೋಗುವ ಪತ್ರದ ಸರ್ವರನ್ನು ಡಾಂಗಲಿನ ಕಂಪನಿಗೆ ಬದಲಿಸಿದೆ, ಕಳುಹಿಸು ಎಂದು ಒತ್ತಿದೆ. ಒಂದು ಹೋಯಿತು. ಎರಡು ಹೋಯಿತು. ಮೂರು ಹೋಯಿತು. ಲೀಲಕ್ಕ ಶರಬತ್ತಿನ ಲೋಟ ಹಿಡಿದು ಬಂದಾಗ ನಾನು ನಗುಮುಖ ಮಾಡಿ ಕುಳಿತಿದ್ದೆ.

“ಸರ್ವರ್ ಪ್ರಾಬ್ಲಂ ಇತ್ತು ಲೀಲಕ್ಕ. ನಿಮ್ಮ ಪತ್ರ ಅವರಿಗೆ ಸಿಕ್ಕಿಯೇ ಇರಲಿಲ್ಲ. ಈಗ ಮೂರನ್ನೂ ಕಳಿಸಿದೆ.”

ಅವರ ಮುಖ ಮೊದಲು ಅರಳಿತು. ಹಾಗಾದರೆ ತಮ್ಮ ತನ್ನನ್ನು ತಿರಸ್ಕರಿಸಿರಲಿಲ್ಲ! ಮರುಕ್ಷಣ ಆ ಮುಖ ನೋಡಲಾಗದಷ್ಟು ಬಿಳಿಚಿತು.

“ಮೂರನ್ನೂ? ಮೂರನೆಯದ್ದನ್ನೂ ಕಳಿಸಿದ್ರಾ? ಅಯ್ಯೋ ದೇವರೇ, ಅದನ್ನು ವಾಪಸ್ ತೆಗೀರಿ ಟೀಚರ್!”

ಹೋದ ಪತ್ರವನ್ನು ತೆಗೆಯಲು ಬರುವುದಿಲ್ಲ ಎಂದೆ. ಅವರು ಲೋಟವನ್ನು ಮೆಷಿನಿನ ಮೇಲಿಟ್ಟು ಸ್ಟೂಲಿನಲ್ಲಿ ಕುಸಿದರು.

ಮೊದಲ ಎರಡು ಪತ್ರಗಳನ್ನು ಅವರು ಬಾಯಲ್ಲಿ ಹೇಳಿ ರಶ್ಮಿ ಇಂಗ್ಲಿಷಿನಲ್ಲಿ ಬರೆದದ್ದು. ಮದುವೆಗೆ ಬಾ, ಅವಳಿಗೆ ನಿನ್ನ ಬಿಟ್ಟರೆ ಮಾವ ಇಲ್ಲ ಎಂದು. ಜವಾಬು ಬಾರದೆ ಕಾದು ಕಾದು ಸಿಟ್ಟು ನೆತ್ತಿಗೇರಿದ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಒಬ್ಬರೇ ಇದ್ದಾಗ, ಮೂರನೆಯದನ್ನು ಲೀಲಕ್ಕ ತಾವೇ ಬರೆದಿದ್ದರು. ಅಳತೆ ಬರೆಯುವಷ್ಟು ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿತ್ತು. ಆ ಅಕ್ಷರಗಳಲ್ಲಿ, ಒಂದೊಂದನ್ನೇ ಹುಡುಕಿ ಒತ್ತಿ, ತುಳುವಿನಲ್ಲಿ ಬರೆದದ್ದು. ‘ಈ ಬರೊಡ್ಚಿ’ ಎಂದು ಶುರು. ನೀನು ಬರುವುದು ಬೇಡ. ಅಮ್ಮ ನಿನ್ನ ಹೆಸರು ಹೇಳಿ ಹೇಳಿ ಸತ್ತಳು, ಕೇಳಲಿಕ್ಕೆ ಇದ್ದದ್ದು ನಾನೊಬ್ಬಳೇ. ಈಗಲೂ ನನ್ನನ್ನು ಒಬ್ಬಳನ್ನೇ ನಿಲ್ಲಿಸಿದೆ. ಆ ಸಮುದ್ರದಲ್ಲೇ ಇರು.

“ಮೊದಲಿನ ಎರಡು ಹೋಗಿದ್ರೆ ನಾನು ಇದನ್ನು ಬರೀತಿರಲಿಲ್ಲ” ಎಂದರು ಲೀಲಕ್ಕ. “ಯಾವ ಸರ್ವರ್ ಟೀಚರ್ ಅದು? ಎಲ್ಲಿ ಇರುದು? ನನಗೆ ಅವರ ಹತ್ತಿರ ಮಾತಾಡ್ಬೇಕು.”

ಇಷ್ಟು ವರ್ಷ ನಮ್ಮ ವೃತ್ತಿಯವರನ್ನೆಲ್ಲ ಕಾಪಾಡಿದ ಮಾತು ಅದು, ಸರ್ವರ್ ಪ್ರಾಬ್ಲಂ. ಆ ಹೆಂಗಸಿನ ಮುಖ ನೋಡಿಕೊಂಡು ಅದನ್ನು ಎರಡನೆಯ ಸಲ ಹೇಳಲು ನನ್ನಿಂದಾಗಲಿಲ್ಲ. “ಸರ್ವರ್ ಅಲ್ಲ ಲೀಲಕ್ಕ, ನಾನೇ” ಎಂದೆ. ಟಿಕ್ ಹಾಕಿದ್ದನ್ನು ಹೇಳಿದೆ. ಫೋನ್ ಬರಬಾರದೆಂದು ಹಾಕಿದ್ದನ್ನೂ, ಈಗ ಅವರನ್ನು ಕೇಳದೆ ಅವಸರದಲ್ಲಿ ಒತ್ತಿದ್ದನ್ನೂ ಹೇಳಿದೆ. ಹೇಳುವಾಗ ಅತ್ತೆ.

ಅವರು ಬೈಯಲಿಲ್ಲ. ಒಂದು ಬ್ಲೌಸಿನ ತೋಳಿನ ದಾರ ಕತ್ತರಿಸಿದರು. ಆಮೇಲೆ, “ನೀವೇ ಬರೀರಿ ಅವನಿಗೆ. ಹೀಗೆ ಹೀಗೆ ಆದದ್ದು ಅಂತ ಬರೀರಿ” ಎಂದರು.

ನನ್ನ ಇಂಗ್ಲಿಷ್ ಹೇಳಿಕೊಳ್ಳುವಂಥದ್ದಲ್ಲ. ಆದರೂ ಎರಡು ಪುಟ ಬರೆದೆ. ವಯರ್, ಡಾಂಗಲ್, ಟಿಕ್, ಎಲ್ಲವನ್ನೂ ಬಿಡಿಸಿ ಬರೆದೆ. ಮೂರನೆಯ ಪತ್ರ ನಿಮ್ಮ ಅಕ್ಕನ ಮನಸ್ಸಲ್ಲ, ನನ್ನ ತಪ್ಪಿನ ಫಲ ಎಂದು ಬರೆದೆ. ಸೆಟ್ಟಿಂಗನ್ನು ಮೂರು ಸಲ ನೋಡಿ ಕಳಿಸಿದೆ.

ಮರುದಿನ ಭಟ್ಟರಿಗೂ ಹೇಳಿದೆ. ಕೆಲಸ ಹೋಗುತ್ತದೆ ಎಂದೇ ಎಣಿಸಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, “ಆ ಟಿಕ್ ಎಷ್ಟು ಮನೆಯಲ್ಲಿ ಹಾಕಿದ್ದೀರಿ?” ಎಂದು ಮಾತ್ರ ಕೇಳಿದರು.

“ಹೆಚ್ಚುಕಡಿಮೆ ಎಲ್ಲಾ ಕಡೆ.”

“ಹಾಗಾದ್ರೆ ಎಲ್ಲಾ ಕಡೆ ಹೋಗಿ ತೆಗೀರಿ. ಫೋನಲ್ಲಿ ಹೇಳಿ ತೆಗೆಸುದಲ್ಲ. ನೀವೇ ಹೋಗುದು.”

ಆ ಮೇ ತಿಂಗಳಿಡೀ ನಾನು ಬಸ್ಸಿನಲ್ಲೇ ಇದ್ದೆ. ಸುಳ್ಯ, ಸಂಪಾಜೆ, ಸುಬ್ರಹ್ಮಣ್ಯ, ಕಡಬದ ಆಚೆಯ ಊರುಗಳಿಗೆ ಜೀಪು. ಎಷ್ಟು ಔಟ್‌ಬಾಕ್ಸುಗಳಲ್ಲಿ ಎಷ್ಟು ಪತ್ರಗಳು ಕೂತಿದ್ದವು! ಸುಳ್ಯದ ವಕೀಲರು ಹಿಂದಿನ ದೀಪಾವಳಿಗೆ ಬರೆದ ಶುಭಾಶಯ ಹಾಗೇ ಇತ್ತು. “ಇರಲಿ, ಮುಂದಿನ ದೀಪಾವಳಿಗೆ ಆಗ್ತದೆ” ಎಂದರು. ಆಗ ನಾನು ಕಲಿತ ಒಂದು ಕ್ರಮವನ್ನು ನಿಮಗೂ ಹೇಳುತ್ತೇನೆ. ಕಟ್ಟಿಹೋದ ಪತ್ರಗಳನ್ನು ಬಿಡುವ ಮೊದಲು ಬರೆದವರನ್ನು ಕೂರಿಸಿ ಒಂದೊಂದನ್ನೂ ತೆರೆದು ತೋರಿಸಿ, ಇದು ಈಗಲೂ ಹೋಗಬೇಕೇ ಎಂದು ಕೇಳಿ. ನಮಗದು ತುಂಬಿದ ಪೆಟ್ಟಿಗೆ, ಅವರಿಗೆ ಅದು ಯಾವತ್ತೋ ಒಂದು ದಿನದ ಮನಸ್ಸು. ಎಚ್ಚರಿಕೆಯ ಕಿಟಕಿಯನ್ನಂತೂ ಯಾವತ್ತೂ ಮುಚ್ಚಬೇಡಿ. ಫೋನ್ ಬಂದರೆ ಬರಲಿ, ಅನ್ನ ಆರಿದರೆ ಆರಲಿ.

ಹೋದ ಕಡೆಯಿಂದೆಲ್ಲ ನಾನು ಲೀಲಕ್ಕನಿಗೆ ಫೋನ್ ಮಾಡುತ್ತಿದ್ದೆ. “ಎಂತಾದ್ರೂ ಬಂತಾ?” “ಇಲ್ಲ ಟೀಚರ್.” ಹಡಗು ಬಂದರು ಮುಟ್ಟುವ ದಿನ ಬಂತು, ಹೋಯಿತು. ಆಮೇಲೆ ಕೇಳುವುದನ್ನೂ ಬಿಟ್ಟೆ. ಲೀಲಕ್ಕ ದೂರದ ಸಂಬಂಧದ ಒಬ್ಬರನ್ನು ಮಾವನ ಜಾಗದಲ್ಲಿ ನಿಲ್ಲಲು ಕೇಳಿಕೊಂಡರಂತೆ.

ಮದುವೆಯ ದಿನ ಕಡಬಕ್ಕೆ ಹೋಗಲು ನನಗೆ ಮುಖವಿರಲಿಲ್ಲ. ಹೋಗದೆ ಉಳಿಯಲಂತೂ ಇನ್ನೂ ಮುಖವಿರಲಿಲ್ಲ. ಮದುವೆ ಹಾಲಿನ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಮೇಜಿನ ಹತ್ತಿರ ನಿಂತಿದ್ದೆ. ಮುಹೂರ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು. ಒಂದು ಆಟೋ ಬಂದು ನಿಂತಿತು. ಮುದುಡಿದ ಅಂಗಿಯ, ದೊಡ್ಡ ಬ್ಯಾಗಿನ, ಬಿಸಿಲಿಗೆ ಕಪ್ಪಾದ ಒಬ್ಬ ಇಳಿದ. ಲೀಲಕ್ಕನದೇ ಮೂಗು.

“ಜಯಂತ ಅಂದ್ರೆ ನೀವಾ?” ಎಂದು ಓಡಿಹೋಗಿ ಕೇಳಿದೆ. “ನಾನು ಕಂಪ್ಯೂಟರ್ ಟೀಚರ್. ನನ್ನ ಪತ್ರ ಸಿಕ್ಕಿತಲ್ಲ?”

“ಯಾವ ಪತ್ರ?” ಎಂದ ಅವನು. “ಅಕ್ಕನ ಮೂರು ಸಿಕ್ಕಿದ್ದು. ಬೇರೆ ಎಂತದ್ದೂ ಸಿಗಲಿಲ್ಲ.”

ನಾನು ಕಣ್ಣೀರು ಹಾಕಿ ಬರೆದ ಎರಡು ಪುಟ ಎಲ್ಲಿ ಹೋಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವನು ಕಿಸೆಯಿಂದ ಮಡಚಿದ ಒಂದು ಕಾಗದ ತೆಗೆದ. ಮಡಿಕೆಗಳಲ್ಲಿ ಹರಿಯುವಷ್ಟು ಸಲ ಬಿಡಿಸಿ ಓದಿದ ಕಾಗದ.

“ಮೊದಲಿನ ಎರಡು ಇಂಗ್ಲಿಷಲ್ಲಿ ಇತ್ತು ಟೀಚರ್. ಆಮಂತ್ರಣ ಪತ್ರಿಕೆಯ ಹಾಗೆ. ರಶ್ಮಿ ಬರೆದದ್ದು, ಅಕ್ಕನಿಗೆ ಗೊತ್ತುಂಟಾ ಇಲ್ವಾ ಅಂತ ಅನುಮಾನ ಬಂತು. ಇದು ಮೂರನೆಯದ್ದು, ತುಳುವಲ್ಲಿ ಅಕ್ಕ ತಾನೇ ಬರೆದದ್ದು. ಇದನ್ನು ಓದಿದ್ದು, ಅಲ್ಲೇ ನಿಂತು ರಜೆಗೆ ಬರೆದುಕೊಟ್ಟೆ. ಬಂದರು ಸಿಕ್ಕಿದ ಕೂಡ್ಲೇ ಇಳಿದೆ. ಟಿಕೆಟ್ಟಿಗೆ ಅಲ್ಲೇ ಇಷ್ಟು ದಿನ ಕಾಯಬೇಕಾಯ್ತು. ಫೋನ್ ಮಾಡ್ಲಿಕ್ಕೆ ಹೆದರಿಕೆ. ಬೇಡ ಅಂದುಬಿಟ್ರೆ?” ಅವನು ಕಾಗದವನ್ನು ಮತ್ತೆ ಮಡಚಿದ. “ಅಮ್ಮ ನನ್ನ ಹೆಸರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷ ಯಾರೂ ಹೇಳಿರಲಿಲ್ಲ.”

ಅಷ್ಟರಲ್ಲಿ ಲೀಲಕ್ಕ ಬಾಗಿಲಿಗೆ ಬಂದಿದ್ದರು. ಅವರಿಬ್ಬರ ನಡುವೆ ನಾನು ನಿಂತಿರುವುದು ಸರಿಯಲ್ಲ ಎಂದು ಗೊತ್ತಿದ್ದರೂ ಕಾಲು ಏಳಲಿಲ್ಲ.

“ಬರುದು ಬೇಡ ಅಂತ ಬರೆದಿದ್ದೆ ಅಲ್ವಾ?” ಎಂದರು ಲೀಲಕ್ಕ. “ಎಂತಕ್ಕೆ ಬಂದದ್ದು?”

“ನೀನು ಕರೆದೆಯಲ್ಲ ಅಕ್ಕ” ಎಂದ ಜಯಂತ.

ಲೀಲಕ್ಕ ಅವನ ಕೈಯಿಂದ ಬ್ಯಾಗ್ ಕಿತ್ತು ನನ್ನ ಕೈಗೆ ಕೊಟ್ಟರು. ಅವನ ಮುಖವನ್ನು ಸೆರಗಿನಿಂದ ಗಸಗಸನೆ ಒರೆಸಿದರು, ಆಮೇಲೆ ತಮ್ಮದನ್ನು. ಒಳಗೆ ಪುರೋಹಿತರು “ಸೋದರಮಾವ ಎಲ್ಲಿ? ಹೊತ್ತಾಯಿತು, ಸೋದರಮಾವ ಎಲ್ಲಿ?” ಎಂದು ಕೂಗುತ್ತಿದ್ದರು. ಯಾವತ್ತೂ ದನಿಯೆತ್ತದ ಲೀಲಕ್ಕ ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದರು:

“ಇದ್ದಾನೆ. ಬಂದ.”